ಮಳೆಗಾಲದಲ್ಲಿ ಮನಸ್ಸು ಕುಸಿಯದ ಹಾಗೆ ದಿನಾ ಎಂತ ಮಾಡ್ತೀರಿ? ಒಂಟಿಮನೆಯವರು ದಯವಿಟ್ಟು ಬರೀರಿ

ತೋಟದಂಚು | ಕೋಣಂದೂರು ಕಡೆ
ಎಲ್ಲರಿಗೂ ನಮಸ್ಕಾರ. ಪುನರ್ವಸು ಮುಗಿದು ಪುಷ್ಯ ಹಿಡಿದಿದೆ, ಮಳೆ ಹೊಳವಾಗೋ ಲಕ್ಷಣ ಇಲ್ಲ. ನಾನು ಬೆಂಗಳೂರಿಂದ ಊರಿಗೆ ವಾಪಸ್ ಬಂದವನು. ಮನೆಯಿಂದಲೇ ಕಂಪನಿ ಕೆಲಸ ಮಾಡ್ತಾ ಅಪ್ಪನ ತೋಟವನ್ನೂ ನೋಡ್ಕೊಳ್ತೀನಿ. ಚಳಿಗಾಲ, ಬೇಸಿಗೆ ಆರಾಮಾಗಿ ಕಳೆಯುತ್ತೆ. ಮಳೆ ಜೋರಾದ ಮೇಲೆ ಮಾತ್ರ ಮನಸ್ಸು ನೆಲ ಹಿಡಿಯುತ್ತೆ. ಬೆಳಿಗ್ಗೆ ಹನ್ನೊಂದಾದರೂ ಒಳಗೆ ಲೈಟು ಹಾಕ್ಕೊಂಡೇ ಕೂರಬೇಕು. ಫೋನ್ ಬಂದರೆ ಎತ್ತೋಣ ಅನ್ಸಲ್ಲ. ರಾತ್ರಿ ಎರಡರವರೆಗೆ ಮೊಬೈಲ್ ತಿಕ್ಕೋದು, ಬೆಳಿಗ್ಗೆ ಎದ್ದರೂ ಎದ್ದ ಹಾಗಿರಲ್ಲ. "ಎಂತ ಆಯ್ತು ನಿಮಗೆ" ಅಂತ ಹೆಂಡತಿ ಕೇಳಿದರೆ ಹೇಳೋಕೆ ಒಂದು ಕಾರಣಾನೂ ಸಿಗಲ್ಲ.

ಇಂಟರ್ನೆಟ್ಟಲ್ಲಿ ಹುಡುಕಿದರೆ ಬಿಸಿಲಲ್ಲಿ ಓಡಾಡಿ, ಜಿಮ್‌ಗೆ ಹೋಗಿ, ಗೆಳೆಯರ ಜೊತೆ ಕಾಫಿಗೆ ಹೋಗಿ ಅಂತ ಬರುತ್ತೆ. ನಮಗೆ ಪಕ್ಕದ ಮನೆ ಅಂದರೆ ಹಳ್ಳದ ಸಂಕ ದಾಟಿ ಗುಡ್ಡ ಹತ್ತಬೇಕು. ಬಿಸಿಲು ಕಾಣೋದು ನವರಾತ್ರಿ ಹೊತ್ತಿಗೆ. ಹಾಗಾಗಿ ಇಲ್ಲಿಯವರನ್ನೇ ಕೇಳ್ತಿದ್ದೀನಿ. ಬೆಳಿಗ್ಗೆ ಎದ್ದು ರಾತ್ರಿ ಮಲಗೋವರೆಗೆ ನೀವು ನಿಜವಾಗಿ ಪಾಲಿಸೋ, ಉಪಯೋಗ ಆಗಿರೋ ಅಭ್ಯಾಸ ಯಾವುದು? "ಪಾಸಿಟಿವ್ ಆಗಿರಿ" ಅನ್ನೋದೊಂದು ಬೇಡ.

ಮಲ್ಲಿಗೆದಂಡೆ | ಸಾಗರ
ತಮ್ಮಾ, ನಾನು ಒಂದೇ ಒಂದು ಹೇಳ್ತೀನಿ. ಎದ್ದು ಮುಖ ತೊಳೆದ ತಕ್ಷಣ ಅಂಗಳಕ್ಕೆ ಇಳೀಬೇಕು, ಮಳೆ ಹೊಯ್ತಾ ಇದ್ದರೂ ಸೈ. ನನಗೆ ಡೇರೆ ಹೂವೇ ನೆಪ. ಈ ಮಳೆಗೆ ಹೂವು ನೀರು ಕುಡಿದು ಭಾರಕ್ಕೆ ತಲೆ ಬಾಗಿಸ್ತಾವೆ, ದಂಟು ಮುರಿಯುತ್ತೆ. ಕೊಡೆಯನ್ನ ಹೆಗಲಿಗೆ ಸಿಕ್ಕಿಸ್ಕೊಂಡು ಒಂದೊಂದು ಗಿಡಕ್ಕೂ ಕೋಲು ಊರಿ ಬಾಳೆಪಟ್ಟೆ ಹಗ್ಗದಲ್ಲಿ ಕಟ್ಟಿ ಬರ್ತೀನಿ. ಅಷ್ಟೊತ್ತಿಗೆ ಕೈಕಾಲು ಬಿಸಿ ಆಗಿರುತ್ತೆ, ತಲೆಯೂ ಒಂಚೂರು ಹಗುರ ಆಗಿರುತ್ತೆ. ಅದಾದ ಮೇಲೇ ಕಾಫಿ. ಆಮೇಲೆ ಮೊಬೈಲು.

ಬಚ್ಚಲೊಲೆ | ತೀರ್ಥಹಳ್ಳಿ
ಉಂಬಳ, ಅದೇ ಜಿಗಣೆ, ಹತ್ತಲ್ವಾ ಅಕ್ಕಾ?

ಮಲ್ಲಿಗೆದಂಡೆ | ಸಾಗರ
ಹತ್ತುತ್ತೆ. ಸುಣ್ಣ ಮುಟ್ಟಿಸಿದರೆ ಬಿಡುತ್ತೆ. ಅದಕ್ಕೆಲ್ಲ ಹೆದರಿ ಒಳಗೆ ಕೂತರೆ ನಮ್ಮೂರಲ್ಲಿ ಬಾಳ್ವೆ ಆಗುತ್ತಾ?

ಪಾಠದಮನೆ | ಶಿವಮೊಗ್ಗ
ಅಕ್ಕ ಹೇಳಿದ್ದಕ್ಕೆ ಕಾರಣವೂ ಇದೆ. ಬಿಸಿಲಿಲ್ಲ ಅಂದ ಮಾತ್ರಕ್ಕೆ ಬೆಳಕಿಲ್ಲ ಅಂತಲ್ಲ. ಮೋಡ ಕವಿದ ಹಗಲಲ್ಲೂ ಹೊರಗಡೆ ಸಾಮಾನ್ಯವಾಗಿ ಸಾವಿರ ಲಕ್ಸ್ (ಬೆಳಕಿನ ಅಳತೆ) ದಾಟಿ ಬೆಳಕು ಇರುತ್ತೆ. ಮನೆಯೊಳಗೆ ಟ್ಯೂಬ್‌ಲೈಟ್ ಹಾಕ್ಕೊಂಡರೂ ನೂರರಿಂದ ಮುನ್ನೂರರ ಆಸುಪಾಸು. ನಮ್ಮ ಹಳೇ ಮನೆಗಳ ನಡುಮನೆಯಲ್ಲಿ ಅಷ್ಟೂ ಇರಲ್ಲ. ಹಗಲಾಯ್ತು ಅಂತ ಮೆದುಳಿಗೆ ಗೊತ್ತಾಗೋದು ಕಣ್ಣಿಗೆ ಬೀಳೋ ಬೆಳಕಿಂದ. ಬೆಳಿಗ್ಗೆ ಆ ಬೆಳಕು ಸಿಗದಿದ್ದರೆ ರಾತ್ರಿ ನಿದ್ದೆಯ ಹೊತ್ತೂ ಹಿಂದೆ ಹಿಂದೆ ಜಾರುತ್ತೆ. ತೋಟದಂಚು ಅವರ ರಾತ್ರಿ ಎರಡು ಗಂಟೆಗೂ ಬೆಳಿಗ್ಗೆಯ ಕತ್ತಲೆಗೂ ಸಂಬಂಧ ಇದೆ ಅಂತ ನನ್ನ ಅಂದಾಜು. ಕೆಲಸದ ಮೇಜನ್ನ ಒಳಕೋಣೆಯಿಂದ ಜಗಲಿಗೆ ಹಾಕ್ಕೊಳಿ. ಖರ್ಚಿಲ್ಲದ ಕೆಲಸ.

ತೋಟದಂಚು | ಕೋಣಂದೂರು ಕಡೆ
ಜಗಲಿಗೆ ಇರಚಲು ಹೊಡೆಯುತ್ತೆ ಸರ್, ಲ್ಯಾಪ್‌ಟಾಪ್ ಒದ್ದೆ ಆಗುತ್ತೆ. ಆದರೆ ಮಹಡಿ ಕಿಟಕಿ ಹತ್ರ ಹಾಕ್ಕೋಬಹುದು. ಇವತ್ತೇ ಮಾಡ್ತೀನಿ.

ಹಳೇಬೇರು | ಹೊಸನಗರ ತಾಲ್ಲೂಕು
ನಾನು ಎಪ್ಪತ್ತು ದಾಟಿದವನು. ಬೇಜಾರು ಮಾಡ್ಕೋಬೇಡಿ, ನೇರ ಹೇಳ್ತೀನಿ. ನಮ್ಮ ಕಾಲದಲ್ಲಿ ಈ ಖಿನ್ನತೆ ಗಿನ್ನತೆ ಯಾವುದೂ ಇರಲಿಲ್ಲ. ಆರಿದ್ರಾ ಮಳೇಲಿ ಕಂಬಳಿಕೊಪ್ಪೆ ಹಾಕ್ಕೊಂಡು ಗದ್ದೆಗೆ ಇಳಿದರೆ ಸಂಜೆವರೆಗೆ ನಟ್ಟಿ. ಮನೆಗೆ ಬಂದು ಬಚ್ಚಲೊಲೆ ಮುಂದೆ ಕೂತು ಮೈ ಕಾಯಿಸ್ಕೊಂಡು ಊಟ ಮಾಡಿದರೆ ನಿದ್ದೆ ತಾನಾಗಿ ಬರ್ತಿತ್ತು. ಮೈ ದಣಿದರೆ ಮನಸ್ಸು ಸುಮ್ಮನಿರುತ್ತೆ. ಈಗಿನವರಿಗೆ ಮೈಗೆ ಕೆಲಸ ಇಲ್ಲ, ತಲೆಗೆ ಇಪ್ಪತ್ನಾಲ್ಕು ಗಂಟೆ ಕೆಲಸ.

ಸೀತಾಳೆದಂಡೆ | ಆಗುಂಬೆ ಹತ್ರ
ರಾಯರೇ, ಗೌರವ ಇಟ್ಕೊಂಡೇ ಒಪ್ಪಲ್ಲ ಅಂತೀನಿ. ನಿಮ್ಮ ಕಾಲದಲ್ಲೂ ಇತ್ತು, ಹೆಸರು ಬೇರೆ ಇತ್ತು. ನಮ್ಮ ಅಜ್ಜಿಯ ತಂಗಿ ಮಳೆಗಾಲ ಬಂದರೆ ತಿಂಗಳುಗಟ್ಟಲೆ ಮಾತು ಬಿಡ್ತಿದ್ದರಂತೆ, ಊಟದ ಎಲೆ ಮುಂದೆ ಕೂತು ಹಾಗೇ ಎದ್ದು ಹೋಗ್ತಿದ್ದರಂತೆ. ಗಾಳಿ ಸೋಕಿದೆ ಅಂತ ಯಂತ್ರ ಕಟ್ಟಿಸಿದರು, ನೋಟ ನೋಡಿಸಿದರು, ಹರಕೆ ಹೊತ್ತರು. ಯಾರೂ ಕೂರಿಸ್ಕೊಂಡು "ಎಂತ ಆಗ್ತಿದೆ ನಿಂಗೆ" ಅಂತ ಕೇಳಲಿಲ್ಲ. ಅವರು ಮನೆ ಹಿಂದಿನ ಕೋಣೆಯಲ್ಲೇ ವಯಸ್ಸು ಕಳೆದರು. ಗದ್ದೆ ನಟ್ಟಿಗೆ ಅವರೂ ಹೋಗ್ತಿದ್ದರು, ಕೆಲಸಕ್ಕೇನೂ ಕಡಿಮೆ ಇರಲಿಲ್ಲ.

ಹಳೇಬೇರು | ಹೊಸನಗರ ತಾಲ್ಲೂಕು
ಅಂಥವರು ನಮ್ಮ ಕೇರಿಯಲ್ಲೂ ಒಬ್ಬರಿದ್ದರು ತಂಗಿ, ಈಗ ನೆನಪಾಗ್ತಿದೆ. ಆದರೂ ಕೆಲಸದ ಮಾತು ನಾನು ಬಿಡಲ್ಲ. ಎಲ್ಲರ ಜೊತೆ ಸಾಲಲ್ಲಿ ನಿಂತು ಮಾಡೋ ಕೆಲಸಕ್ಕೂ ಒಬ್ಬನೇ ಕುರ್ಚೀಲಿ ಕೂತು ಮಾಡೋ ಕೆಲಸಕ್ಕೂ ವ್ಯತ್ಯಾಸ ಇದೆ.

ಸೀತಾಳೆದಂಡೆ | ಆಗುಂಬೆ ಹತ್ರ
ಅದನ್ನ ಪೂರ್ತಿ ಒಪ್ತೀನಿ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೋಗೋ ಮುಯ್ಯಾಳು ಪದ್ಧತಿ ಹೋದ ಮೇಲೆ ಮಾತೂ ಹೋಯ್ತು. ಮೊದಲು ಅಡಿಕೆ ಸುಲಿಯೋಕೆ ಸುತ್ತಮುತ್ತಲ ಮನೆಯವರು ಬಂದು ಮೆಟ್ಟುಗತ್ತಿ ಹಾಕ್ಕೊಂಡು ಕೂತರೆ ರಾತ್ರಿ ಹನ್ನೆರಡಾದರೂ ಕಥೆ ಮುಗೀತಿರಲಿಲ್ಲ. ಯಾರ ಮನೇಲಿ ಎಂತ ಕಷ್ಟ ಅನ್ನೋದು ಅಲ್ಲೇ ಗೊತ್ತಾಗ್ತಿತ್ತು. ಈಗ ಮಿಷಿನ್ ಬಂದು ಸುಲಿದು ಕೊಟ್ಟು ಹೋಗುತ್ತೆ. ಮಿಷಿನ್ ಬೇಡ ಅಂತ ಅಲ್ಲ, ಆಳೇ ಸಿಗಲ್ಲ. ಆದರೆ ಆ ಮಾತಿಗೆ ಬದಲು ಬೇರೆ ಜಾಗ ನಾವು ಮಾಡ್ಕೊಳ್ಳಲಿಲ್ಲ.

ಕೊನೆಗೊಯ್ಲು | ಸೊರಬ
ಸುಲಿಯೋ ಮಿಷಿನ್ ಈಗ ಕ್ವಿಂಟಾಲಿಗೆ ಎಷ್ಟು ತಗೊಳ್ತಾರೆ ನಿಮ್ಮ ಕಡೆ?

ನಿರ್ವಾಹಕರು
ಸೊರಬದ ಗೆಳೆಯರೇ, ಅಡಿಕೆ ಲೆಕ್ಕಕ್ಕೆ ಬೇರೆ ಚರ್ಚೆ ಇದೆ, ಅಲ್ಲಿ ಕೇಳಿ. ಇಲ್ಲಿ ವಿಷಯ ಬಿಡೋದು ಬೇಡ.

ಕೊಪ್ಪೆಕಂಬಳಿ | ನಗರ, ಹೊಸನಗರ ತಾಲ್ಲೂಕು
ಅಡಿಕೆ ಲೆಕ್ಕವೇ ನನ್ನ ಮನಸ್ಸಿನ ಲೆಕ್ಕ ನಿರ್ವಾಹಕರೇ, ಹೇಳೋಕೆ ಬಿಡಿ. ನಮ್ಮ ತೋಟಕ್ಕೆ ಎಲೆಚುಕ್ಕಿ ರೋಗ ಬಿದ್ದಿದೆ. ಹೋದ ಮಳೆಗಾಲ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ವಾಟ್ಸ್ಯಾಪ್ ತೆಗೀತಿದ್ದೆ. ರೇಟು ಬಿತ್ತು ಅಂತ ಒಬ್ಬ, ತೋಟ ಪೂರಾ ಹೋಯ್ತು ಅಂತ ಇನ್ನೊಬ್ಬನ ವಿಡಿಯೋ, ಅಡಿಕೆ ನಿಷೇಧ ಆಗುತ್ತಂತೆ ಅಂತ ಮತ್ತೊಬ್ಬ. ಹಾಸಿಗೆ ಬಿಡೋಕೆ ಮುಂಚೆ ಎದೆ ಹೊಡ್ಕೊಳ್ತಿತ್ತು. ರಾತ್ರಿ ಮೂರಕ್ಕೆ ಎಚ್ಚರ ಆಗಿ ಸೊಸೈಟಿ ಸಾಲ ಲೆಕ್ಕ ಹಾಕೋದು.

ಈಗ ಎರಡು ಕಟ್ಟು ಮಾಡ್ಕೊಂಡಿದ್ದೀನಿ. ರೇಟು ನೋಡೋದು ದಿನಕ್ಕೆ ಒಂದೇ ಸಲ, ಮಧ್ಯಾಹ್ನ ಊಟ ಆದ ಮೇಲೆ. ಆ ಗುಂಪುಗಳ ಸದ್ದು ಬಂದ್. ನಾನು ನೋಡಿದರೆ ರೇಟು ಏರಲ್ಲ, ನೋಡದಿದ್ದರೆ ಇಳಿಯಲ್ಲ. ಇನ್ನೊಂದು, ಸಂಜೆ ದೀಪ ಹಚ್ಚೋ ಹೊತ್ತಿಗೆ ಹಳೇ ಲೆಕ್ಕದ ಪುಸ್ತಕ ತೆಗೆದು ತಲೇಲಿರೋ ಚಿಂತೆ ಎಲ್ಲ ಬರೀತೀನಿ. ಎಡಗಡೆ ಚಿಂತೆ, ಬಲಗಡೆ ನಾಳೆ ಅದಕ್ಕೆ ನಾನು ಮಾಡಬಹುದಾದ ಕೆಲಸ. "ಸೊಸೈಟಿ ಕಂತು" ಅಂತ ಎಡಗಡೆ ಇದ್ದರೆ ಬಲಗಡೆ "ಕಾರ್ಯದರ್ಶಿಗೆ ಫೋನ್ ಮಾಡಿ ಗಡುವು ಕೇಳೋದು". ಬಲಗಡೆ ಬರೆಯೋಕೆ ಏನೂ ಇಲ್ಲದಿದ್ದರೆ ಗೆರೆ ಹೊಡೆದು ಬಿಡ್ತೀನಿ. ಪುಸ್ತಕ ಮುಚ್ಚಿದ ಮೇಲೆ ಆ ದಿನಕ್ಕೆ ಚಿಂತೆ ಮುಗೀತು. ರಾತ್ರಿ ಮೂರಕ್ಕೆ ಎಚ್ಚರ ಆದರೂ "ಪುಸ್ತಕದಲ್ಲಿದೆ, ನಾಳೆ ಸಂಜೆ ನೋಡಾಣ" ಅಂತ ಹೇಳ್ಕೊಂಡು ಮಗ್ಗುಲು ಬದಲಿಸ್ತೀನಿ. ಎಲ್ಲ ರಾತ್ರಿನೂ ಕೆಲಸ ಮಾಡಲ್ಲ, ಬಹಳ ರಾತ್ರಿ ಮಾಡುತ್ತೆ.

ಪಾಠದಮನೆ | ಶಿವಮೊಗ್ಗ
ನೀವು ನೀವೇ ಕಂಡ್ಕೊಂಡಿದ್ದನ್ನ ಮನೋವೈದ್ಯರೂ ಹೇಳಿಕೊಡ್ತಾರೆ. ಚಿಂತೆಗೆ ಒಂದು ಹೊತ್ತು ಗೊತ್ತು ಮಾಡಿ, ಅದರ ಹೊರಗೆ ಬಂದರೆ ಮುಂದಕ್ಕೆ ಹಾಕಿ ಅಂತ.

ಹಾಸ್ಟೆಲ್_ಕಿಟಕಿ | ಶಿವಮೊಗ್ಗ
ನಾನು ಎಂಜಿನಿಯರಿಂಗ್ ಓದ್ತಿರೋಳು. ಮೂರು ವಿಷಯ ಬಾಕಿ ಉಳಿದಿವೆ. ಮನೇಲಿ ಹೇಳಿಲ್ಲ. ರೂಮಲ್ಲಿ ಮೂರು ಜನ ಇದ್ದರೂ ಎಲ್ಲರೂ ಇಯರ್‌ಫೋನ್ ಹಾಕ್ಕೊಂಡು ಅವರವರ ಮಂಚದಲ್ಲಿ. ನಂಗೆ ಒಂದು ಡೌಟು. ಕೆಲಸ ಮಾಡಿ, ನಡೀರಿ ಅಂತೀರಲ್ಲ, ಮನಸ್ಸೇ ಇಲ್ಲದಿದ್ದರೆ ಎದ್ದು ಹೋಗೋದು ಹೇಗೆ? ಮನಸ್ಸು ಬರಲಿ ಅಂತ ಕಾಯ್ತಾ ಕೂತರೆ ದಿನಾನೇ ಮುಗಿದಿರುತ್ತೆ.

ಆಸ್ಪತ್ರೆಅಕ್ಕ | ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್
ಪುಟ್ಟೀ, ಮನಸ್ಸು ಬರಲಿ ಅಂತ ಕಾಯಬಾರದು. ಕುಗ್ಗಿದಾಗ ಮೊದಲು ಹೋಗೋದೇ ಆ ಮನಸ್ಸು. ಮೊದಲು ಮೈ ಏಳುತ್ತೆ, ಮನಸ್ಸು ಹಿಂದಿನಿಂದ ಬರುತ್ತೆ. ಅದಕ್ಕೇ ಕೆಲಸವನ್ನ ನಾಚಿಕೆ ಆಗುವಷ್ಟು ಚಿಕ್ಕದು ಮಾಡ್ಕೋಬೇಕು. "ಒಂದು ಗಂಟೆ ವಾಕಿಂಗ್" ಬೇಡ, ಚಪ್ಪಲಿ ಹಾಕ್ಕೊಂಡು ಹಾಸ್ಟೆಲ್ ಗೇಟು ಮುಟ್ಟಿ ವಾಪಸ್ ಬಾ. "ಇಡೀ ಪಾಠ" ಬೇಡ, ಒಂದು ಲೆಕ್ಕ ಬಿಡಿಸು. ಮಾಡಿದ್ದಕ್ಕೆ ಕ್ಯಾಲೆಂಡರಲ್ಲಿ ಒಂದು ಗುರುತು ಹಾಕು. ಆರೋಗ್ಯ ಚೆನ್ನಾಗಿರೋಕೆ ವಾರಕ್ಕೆ 150 ನಿಮಿಷ ಬೆವರು ಬರೋ ಹಾಗೆ ನಡೀಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅದು ನಿಧಾನಕ್ಕೆ ಮುಟ್ಟೋ ಜಾಗ, ಮೊದಲ ದಿನದ ಪಾಠ ಅಲ್ಲ.

ಬಾಕಿ ವಿಷಯಗಳ ಸಂಗತಿ ಮನೇಲಿ ಒಬ್ಬರಿಗಾದರೂ ಹೇಳು. ಅಪ್ಪನಿಗೆ ಹೇಳೋಕೆ ಕಷ್ಟ ಆದರೆ ಚಿಕ್ಕಮ್ಮ, ಅತ್ತೆ, ಅಣ್ಣ ಯಾರಿಗಾದರೂ. ಮುಚ್ಚಿಟ್ಟುಕೊಂಡಿರೋದಕ್ಕೇ ಅರ್ಧ ಶಕ್ತಿ ಹೋಗ್ತಿರುತ್ತೆ.

ಮಲ್ಲಿಗೆದಂಡೆ | ಸಾಗರ
ನನ್ನ ಮಗಳಿಗೂ ನಿನ್ನ ವಯಸ್ಸೇ. ಅವಳು ಮುಚ್ಚಿಟ್ಟಿದ್ದು ಗೊತ್ತಾದಾಗ ನನಗೆ ಸಿಟ್ಟು ಬರಲಿಲ್ಲ ಪುಟ್ಟಾ, ಇಷ್ಟು ದಿನ ಒಬ್ಬಳೇ ಹೊತ್ತಿದ್ದಳಲ್ಲ ಅಂತ ಸಂಕಟ ಆಯ್ತು. ನಿಮ್ಮಮ್ಮನಿಗೂ ಹಾಗೇ ಆಗುತ್ತೆ. ಹೇಳು.

ಬಚ್ಚಲೊಲೆ | ತೀರ್ಥಹಳ್ಳಿ
ನಿದ್ದೆಗೆ ನಮ್ಮನೆ ಮದ್ದು ಅಪ್ಪೆಹುಳಿ. ಮಧ್ಯಾಹ್ನ ಊಟಕ್ಕೆ ಎರಡು ಲೋಟ ಕುಡಿದು ಮಲಗಿದರೆ ಲೋಕದ ಪರಿವೆ ಇರಲ್ಲ.

ಹಳೇಬೇರು | ಹೊಸನಗರ ತಾಲ್ಲೂಕು
ಜೀರಿಗೆ ಪರಿಮಳದ ಅಪ್ಪೆಮಿಡಿ ಆಗಬೇಕು, ಬೇರೆ ಮಾವಿನ ಮಿಡಿಗೆ ಆ ಗುಣ ಇಲ್ಲ. ಇಂಗು, ಸಾಸಿವೆ, ಒಣಮೆಣಸಿನ ಒಗ್ಗರಣೆ.

ಸೀತಾಳೆದಂಡೆ | ಆಗುಂಬೆ ಹತ್ರ
ನಾವು ಒಣಮೆಣಸಿನ ಜೊತೆ ಹಸಿಮೆಣಸನ್ನೂ ನುರೀತೀವಿ.

ಆಸ್ಪತ್ರೆಅಕ್ಕ | ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್
ಅಪ್ಪೆಹುಳಿ ಕುಡೀರಿ, ನಾನೂ ಕುಡೀತೀನಿ. ಮಧ್ಯಾಹ್ನದ ನಿದ್ದೆ ಮಾತ್ರ ಅರ್ಧ ಗಂಟೆ ದಾಟಬಾರದು, ಮೂರು ಗಂಟೆ ಮೇಲೆ ಬೇಡವೇ ಬೇಡ. ಸಂಜೆ ಐದಕ್ಕೆ ಎದ್ದವರಿಗೆ ರಾತ್ರಿ ಹತ್ತಕ್ಕೆ ನಿದ್ದೆ ಎಲ್ಲಿಂದ ಬರಬೇಕು? ರಾತ್ರಿ ಎಷ್ಟೊತ್ತಿಗೇ ಮಲಗಿರಲಿ, ಬೆಳಿಗ್ಗೆ ಏಳೋ ಹೊತ್ತು ಒಂದೇ ಇರಲಿ, ಭಾನುವಾರವೂ ಸೇರಿ. ಹಾಸಿಗೇಲಿ ಇಪ್ಪತ್ತು ನಿಮಿಷ ಹೊರಳಾಡಿದರೂ ನಿದ್ದೆ ಬರಲಿಲ್ಲವಾ, ಎದ್ದು ಬನ್ನಿ. ಮಂದ ಬೆಳಕಲ್ಲಿ ಬಟ್ಟೆ ಮಡಚಿ, ಏನಾದರೂ ಓದಿ, ಕಣ್ಣು ಎಳೆದಾಗ ಹೋಗಿ ಮಲಗಿ. ಮೊಬೈಲ್ ಬೇರೆ ಕೋಣೇಲಿ ಚಾರ್ಜಿಗೆ ಹಾಕಿ. ಸಂಜೆ ನಾಲ್ಕರ ಮೇಲೆ ಕಾಫಿ ಬಿಡಿ. ಕುಡಿದ ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯೋಕೇ ಐದಾರು ಗಂಟೆ ಬೇಕು.

ಗುಡ್ಡದಾಚೆ | ಶೃಂಗೇರಿ ರಸ್ತೆ
ಮಳೆಗಾಲದಲ್ಲಿ ಸಂಜೆ ಕಾಫಿ ಬಿಡು ಅಂದರೆ ಜೀವ ಬಿಡು ಅಂದ ಹಾಗೆ ಮಾರಾಯ್ರೆ. ಕಷಾಯ ಆಗುತ್ತಾ?

ಆಸ್ಪತ್ರೆಅಕ್ಕ | ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್
ಧಾರಾಳ ಆಗುತ್ತೆ. ಕೊತ್ತಂಬರಿ ಜೀರಿಗೆ ಕಷಾಯ, ಹಾಲು ಹಾಕ್ಕೊಂಡು.

ಗುಡ್ಡದಾಚೆ | ಶೃಂಗೇರಿ ರಸ್ತೆ
ಇನ್ನೊಂದು ಕೇಳ್ತೀನಿ, ಇಲ್ಲಿ ಯಾರೂ ಎತ್ತಲಿಲ್ಲ ಅಂತ. ನಮ್ಮ ಕಡೆ ಬಹಳ ಗಂಡಸರಿಗೆ ರಾತ್ರಿ ಎರಡು ಪೆಗ್ಗೇ ನಿದ್ದೆ ಮಾತ್ರೆ. ಚಳಿ, ಮಳೆ, ಕರೆಂಟಿಲ್ಲ, ಮಾಡೋಕೆ ಬೇರೆ ಕೆಲಸವೂ ಇಲ್ಲ. ಅದು ತಪ್ಪಾ?

ಆಸ್ಪತ್ರೆಅಕ್ಕ | ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್
ತಪ್ಪು ಸರಿ ಬಿಡಿ, ಆಗೋದೇನು ಅಂತ ಹೇಳ್ತೀನಿ. ಕುಡಿದರೆ ಬೇಗ ನಿದ್ದೆ ಹತ್ತೋದು ನಿಜ. ಅಮಲು ಇಳಿದ ಮೇಲೆ ನಡುರಾತ್ರಿ ನಿದ್ದೆ ಒಡೆಯುತ್ತೆ, ಆಮೇಲಿನ ನಿದ್ದೆ ಆಳ ಇರಲ್ಲ. ಬೆಳಿಗ್ಗೆ ಮನಸ್ಸು ಇನ್ನೂ ಕುಗ್ಗಿ, ಕೈ ಅದುರಿ, ಗಾಬರಿ ಜಾಸ್ತಿ ಆಗುತ್ತೆ. ಅದಕ್ಕೆ ಸಂಜೆ ಮತ್ತೆ ಬೇಕು ಅನ್ಸುತ್ತೆ. ಹೀಗೇ ಎರಡು ನಾಲ್ಕಾಗುತ್ತೆ. ಮತ್ತೊಂದು ಮುಖ್ಯ ಮಾತು, ದಿನಾ ಜಾಸ್ತಿ ಕುಡಿಯೋ ಅಭ್ಯಾಸ ಇರೋರು ಡಾಕ್ಟರಿಗೆ ತೋರಿಸದೆ ಒಂದೇ ಸಲ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಆಗಬಹುದು.

ಎರಡುಮಕ್ಕಳತಾಯಿ | ಭದ್ರಾವತಿ
ನಾನು ಇಲ್ಲಿ ಬರೆಯೋದು ಕಡಿಮೆ. ಇವತ್ತು ಬರೀತೀನಿ. ಮೊದಲ ಬಾಣಂತನ ತವರಲ್ಲಿ ಆಯ್ತು, ಇದೇ ಮಳೆಗಾಲ. ಕಿಟಕಿಗೆ ಗೋಣಿ ಕಟ್ಟಿದ ಕೋಣೆ, ಕೆಳಗೆ ಕೆಂಡ, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಮಗು ಅತ್ತರೆ ನಾನೂ ಅಳ್ತಿದ್ದೆ. ಮಗು ಮಲಗಿದರೂ ನನಗೆ ನಿದ್ದೆ ಇಲ್ಲ. "ಇಷ್ಟು ಚಂದದ ಮಗು ಕೊಟ್ಟಿದ್ದಾನೆ ದೇವರು, ಅಳ್ತಾರಾ" ಅಂತ ಎಲ್ಲರೂ. ಮಗುವಿನ ಮೇಲೆ ಪ್ರೀತಿನೇ ಹುಟ್ಟುತ್ತಿಲ್ಲ ಅಂತ ಯಾರ ಹತ್ರ ಹೇಳಲಿ? ಕೊನೆಗೆ ಗುರುತು ಹಿಡಿದಿದ್ದು ಚುಚ್ಚುಮದ್ದು ಹಾಕೋಕೆ ಬಂದ ಆರೋಗ್ಯ ಸಹಾಯಕಿ. "ನೀನು ಹೇಗಿದ್ದೀಯ" ಅಂತ ಮಗುವನ್ನ ಬಿಟ್ಟು ನನ್ನನ್ನ ಕೇಳಿದ್ದು ಅವರೊಬ್ಬರೇ.

ಎರಡನೇ ಬಾಣಂತನಕ್ಕೆ ಮೊದಲೇ ಅಮ್ಮನ ಹತ್ರ ಕೂತು ಮಾತಾಡಿದೆ. ಬೆಳಿಗ್ಗೆ ಒಂದು ಹೊತ್ತು ಕಿಟಕಿ ತೆಗೀಬೇಕು, ರಾತ್ರಿ ಒಂದು ಸರದಿ ಮಗುವನ್ನ ಗಂಡ ನೋಡ್ಕೊಂಡು ನನಗೆ ನಾಲ್ಕು ಗಂಟೆ ಒಂದೇ ಸಮ ನಿದ್ದೆ ಸಿಗಬೇಕು, ನೋಡೋಕೆ ಬಂದೋರು ಮಗುವಿನ ಬಣ್ಣ ವಿಚಾರಿಸೋಕೆ ಮುಂಚೆ ನನ್ನನ್ನ ಮಾತಾಡಿಸಬೇಕು. ಅಮ್ಮ ಮೊದಲು ಗೊಣಗಿದರು, ಆಮೇಲೆ ಅವರೇ ಬಂದೋರಿಗೆಲ್ಲ ಹೇಳೋಕೆ ಶುರು ಮಾಡಿದರು.

ಆಸ್ಪತ್ರೆಅಕ್ಕ | ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್
ಇದನ್ನ ಬರೆದಿದ್ದಕ್ಕೆ ಕೈ ಮುಗೀತೀನಿ. ಹೆರಿಗೆ ಆದ ಮೊದಲ ವಾರ ಅಳು, ಕಿರಿಕಿರಿ ಬಹಳ ಜನಕ್ಕೆ ಬರುತ್ತೆ, ಎರಡು ವಾರದೊಳಗೆ ತಾನಾಗಿ ಹೋಗುತ್ತೆ. ಎರಡು ವಾರ ದಾಟಿದರೆ ತೋರಿಸಲೇಬೇಕು. ತನಗೋ ಮಗುವಿಗೋ ಏನಾದರೂ ಮಾಡ್ಕೊಳ್ಳೋ ಯೋಚನೆ ಬಂದರೆ, ಇಲ್ಲದ್ದು ಕಾಣೋದು ಕೇಳೋದು ಶುರುವಾದರೆ ಅದೇ ದಿನ ಆಸ್ಪತ್ರೆಗೆ ಬರಬೇಕು. ಹಾಲೂಡಿಸ್ತಾ ತಗೊಳ್ಳಬಹುದಾದ ಮಾತ್ರೆಗಳೂ ಇವೆ, ಹೆದರ್ಕೋಬೇಡಿ.

ಕಟ್ಟೆಮಾತು | ಶಿಕಾರಿಪುರ
ಮಾತ್ರೆ ವಿಷಯ ಬಂತು ಅಂತ ಹೇಳ್ತೀನಿ. ಒಂದು ಸಲ ಆ ಮಾತ್ರೆ ಶುರು ಮಾಡಿದರೆ ಜೀವಮಾನ ಬಿಡೋಕಾಗಲ್ಲ. ನಮ್ಮ ಸಂಬಂಧಿಕರೊಬ್ಬರು ಮಂಪರಲ್ಲೇ ಇರ್ತಾರೆ. ಯೋಗ, ಪ್ರಾಣಾಯಾಮ, ಒಂದೆಲಗದ ತಂಬುಳಿ ಸಾಕು. ಇಂಗ್ಲಿಷ್ ಔಷಧಿ ಹತ್ರ ಹೋಗಬೇಡಿ.

ಕೊಪ್ಪೆಕಂಬಳಿ | ನಗರ, ಹೊಸನಗರ ತಾಲ್ಲೂಕು
ಕಟ್ಟೆಮಾತು ಅವರೇ, ನೀವು ತೋಟದೋರು ಹೌದಾ? ಮಳೆಗೆ ಮುಂಚೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯೋದು ಕೊಳೆರೋಗ ಬಾರದಿರಲಿ ಅಂತ. ಕೊಳೆ ಹಿಡಿದು ಕಾಯಿ ಉದುರೋಕೆ ಶುರುವಾದ ಮೇಲೆ "ಬೇಸಿಗೇಲಿ ಚೆನ್ನಾಗಿ ಗೊಬ್ಬರ ಹಾಕಿದ್ದೆ" ಅಂತ ಕೈಕಟ್ಟಿ ಕೂರ್ತೀರಾ? ನಡಿಗೆ, ನಿದ್ದೆ, ತಂಬುಳಿ ಎಲ್ಲ ಬೇಕು. ಕಾಯಿಲೆ ಬಿದ್ದ ಮೇಲೆ ಔಷಧಿ ಬೇಕು.

ಆಸ್ಪತ್ರೆಅಕ್ಕ | ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್
ಈ ಒಂದು ಮಾತಿನಿಂದ ಎಷ್ಟು ಜನ ಆಸ್ಪತ್ರೆ ಮೆಟ್ಟಿಲು ಹತ್ತದೆ ಉಳಿದಿದ್ದಾರೋ, ಹಾಗಾಗಿ ಉದ್ದಕ್ಕೆ ಬರೀತೀನಿ.

ಎಲ್ಲ ಮಾತ್ರೆ ಒಂದೇ ಅಲ್ಲ. ನಿದ್ದೆಗೆ, ಗಾಬರಿಗೆ ಕೊಡೋ ಆಲ್ಪ್ರಜೋಲಾಮ್ ಥರದ ಮಾತ್ರೆ ಚಟ ಹಿಡಿಸುತ್ತೆ, ಮಂಪರೂ ಬರುತ್ತೆ. ಮೆಡಿಕಲ್ ಶಾಪಲ್ಲಿ ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ನುಂಗೋದು ಇದನ್ನೇ. ಖಿನ್ನತೆಗೆ ಕೊಡೋದು ಬೇರೆ. ಅದು ಆ ಥರ ಚಟ ಹಿಡಿಸಲ್ಲ. ನುಂಗಿದ ಮರುದಿನವೇ ಕೆಲಸ ಮಾಡಲ್ಲ, ಗುಣ ಕಾಣೋಕೆ ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಸ್ವಲ್ಪ ಹೆಚ್ಚು. ಬಹಳ ಜನ ಮೊದಲ ವಾರದಲ್ಲಿ ಹೊಟ್ಟೆ ತೊಳಸುತ್ತೆ ಅಂತ ಬಿಟ್ಟು "ಪ್ರಯೋಜನ ಇಲ್ಲ" ಅಂತಾರೆ. ಗುಣ ಆದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಿ, ಆಮೇಲೆ ಡಾಕ್ಟರ್ ಹೇಳಿದ ಹಾಗೆ ನಿಧಾನ ಇಳಿಸ್ತಾರೆ. ನೀವೇ ತಟ್ಟನೆ ನಿಲ್ಲಿಸಿದರೆ ತಲೆ ತಿರುಗೋದು, ಕಿರಿಕಿರಿ ಬರುತ್ತೆ. ಅದನ್ನ ನೋಡಿಯೇ ಚಟ ಅಂತ ಜನ ತಿಳ್ಕೊಳ್ಳೋದು.

ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿ. ಥೈರಾಯ್ಡ್ ಕಡಿಮೆ ಇದ್ದರೆ, ರಕ್ತಹೀನತೆ ಇದ್ದರೆ, ಬಿ12 ಕಡಿಮೆ ಇದ್ದರೆ ಇದೇ ಥರ ಸುಸ್ತು, ಮಂಕು ಬರುತ್ತೆ. ಬರೀ ತರಕಾರಿ ತಿನ್ನೋ ಮನೆಗಳಲ್ಲಿ ಬಿ12 ಕೊರತೆ ಬಹಳ.

ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೊಡ್ಡವರಲ್ಲಿ ನೂರಕ್ಕೆ ಹತ್ತು ಹನ್ನೊಂದು ಜನಕ್ಕೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಖಿನ್ನತೆ ಇದ್ದವರಲ್ಲಿ ಶೇ 80ಕ್ಕೂ ಹೆಚ್ಚು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಆ ಎಂಬತ್ತರಲ್ಲಿ ನಮ್ಮೂರಿನವರೂ ಇರ್ತಾರೆ ಅನ್ನೋದು ನನಗೆ ದಿನಾ ಕಾಣುತ್ತೆ.

ಕಟ್ಟೆಮಾತು | ಶಿಕಾರಿಪುರ
ನಮ್ಮ ಸಂಬಂಧಿಕರು ತಗೊಳ್ತಿರೋದು ಯಾವುದು ಅಂತ ಚೀಟಿ ನೋಡಿ ಹೇಳ್ತೀನಿ. ಪ್ರಾಣಾಯಾಮದ ಮಾತು ಮಾತ್ರ ಬಿಡಲ್ಲ.

ಆಸ್ಪತ್ರೆಅಕ್ಕ | ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್
ಬಿಡೋದು ಯಾಕೆ? ಉಸಿರು ಒಳಗೆ ತಗೊಂಡಿದ್ದಕ್ಕಿಂತ ನಿಧಾನಕ್ಕೆ ಹೊರಗೆ ಬಿಟ್ಟರೆ ಎದೆಬಡಿತ ಇಳಿಯುತ್ತೆ, ಗಾಬರಿ ಆದಾಗ ನಾನೇ ರೋಗಿಗಳ ಪಕ್ಕ ಕೂತು ಮಾಡಿಸ್ತೀನಿ. ಎರಡೂ ಇರಲಿ.

ಗುಡ್ಡದಾಚೆ | ಶೃಂಗೇರಿ ರಸ್ತೆ
ತೋರಿಸೋದು ಎಲ್ಲಿ? ಖಾಸಗಿ ಕ್ಲಿನಿಕ್ಕಿಗೆ ಒಂದು ಸಲ ಹೋದೆ. ಎರಡು ನಿಮಿಷದಲ್ಲಿ ಚೀಟಿ ಬರೆದು ಕಳಿಸಿದರು, ಏನಾಗಿದೆ ಅಂತಲೂ ಹೇಳಲಿಲ್ಲ. ಫೀಸು, ಬಸ್ಸು, ಒಂದು ದಿನದ ಕೆಲಸ ಎಲ್ಲ ಹೋಯ್ತು. ಹುಚ್ಚಿನ ಡಾಕ್ಟರ ಹತ್ರ ಹೋಗಿದ್ದ ಅಂತ ಊರಲ್ಲಿ ಸುದ್ದಿ ಬೇರೆ.

ಆಸ್ಪತ್ರೆಅಕ್ಕ | ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್
ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಆಸ್ಪತ್ರೆಗೆ ಫೋನ್ ಮಾಡಿ ಕೇಳ್ಕೊಂಡು ಹೋಗಿ, ಸುಮ್ಮನೆ ಬಸ್ಸು ಹತ್ತಬೇಡಿ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವೇ ಇದೆ. ಮನೆಯಿಂದಲೇ ಮಾತಾಡಬೇಕು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ನಂಬರ್ 14416. 2022ರ ಅಕ್ಟೋಬರ್ 10ರಿಂದ ನಡೀತಿದೆ, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ.

ಪಾಠದಮನೆ | ಶಿವಮೊಗ್ಗ
ಜೊತೆಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದೆ, 2018ರ ಮೇ ತಿಂಗಳಿಂದ ಜಾರಿ. ನಿಮ್ಮ ಕಾಯಿಲೆ ವಿಷಯ ಗುಟ್ಟಾಗಿಡಬೇಕು ಅನ್ನೋದು ನಿಮ್ಮ ಹಕ್ಕು. ಬೇರೆ ಕಾಯಿಲೆಗೆ ವಿಮೆ ಕೊಡೋ ಹಾಗೆ ಮಾನಸಿಕ ಕಾಯಿಲೆಗೂ ಕೊಡಬೇಕು ಅಂತಲೂ ಅದರಲ್ಲಿದೆ. ಪಾಲಿಸಿ ಇದ್ದವರು ಏಜೆಂಟರ ಮಾತಿಗೆ ಸುಮ್ಮನಾಗಬೇಡಿ.

ನಿರ್ವಾಹಕರು
ಸಾಯೋ ಯೋಚನೆ ಬರ್ತಿದೆ ಅನ್ನೋರು ಇದನ್ನ ಓದ್ತಿದ್ದರೆ ಚರ್ಚೆ ಮುಗಿಯೋವರೆಗೆ ಕಾಯಬೇಡಿ. ಈಗಲೇ 14416ಕ್ಕೆ ಫೋನ್ ಮಾಡಿ, ಮನೇಲಿ ಒಬ್ಬರನ್ನ ಎಬ್ಬಿಸಿ ಹೇಳಿ. ಅಂಥವರು ಮನೇಲಿದ್ದರೆ ತೋಟದ ವಿಷದ ಡಬ್ಬಿಗಳನ್ನ ಬೀಗ ಹಾಕಿ ಇಡಿ.

ಮಲ್ಲಿಗೆದಂಡೆ | ಸಾಗರ
ತೋಟದಂಚು ತಮ್ಮಾ, ಎಲ್ಲಿ ಹೋದೆ? ನಿನ್ನ ವಿಷಯ ಬಿಟ್ಟು ಊರೆಲ್ಲ ಸುತ್ತಿ ಬಂದ್ವಿ.

ತೋಟದಂಚು | ಕೋಣಂದೂರು ಕಡೆ
ಕರೆಂಟಿಲ್ಲ, ಟವರೂ ಇಲ್ಲ ಅಕ್ಕಾ. ಗುಡ್ಡದ ತುದಿಗೆ ಬಂದು ಬರೀತಿದ್ದೀನಿ. ಎಲ್ಲ ಓದಿದೆ. ಮೇಜು ಮಹಡಿ ಕಿಟಕಿಗೆ ಹೋಯ್ತು. ರಾತ್ರಿ ಫೋನು ಅಡುಗೆಮನೇಲಿ. ಕೊಪ್ಪೆಕಂಬಳಿಯವರ ಪುಸ್ತಕ ಹೆಂಡತಿಗೂ ಹಿಡಿಸ್ತು, ಅವಳೂ ಬರೀತಾಳಂತೆ. ನಂಗೆ ಈಗಲೂ ತಡೆಯೋದು ಒಂಟಿತನವೇ. ದಿನವಿಡೀ ಸ್ಕ್ರೀನಲ್ಲಿ ಹತ್ತು ಜನದ ಮುಖ ನೋಡ್ತೀನಿ, ಒಬ್ಬರ ಹತ್ರಾನೂ ಮಾತಾಡಿದ ಹಾಗೆ ಆಗಲ್ಲ.

ಹಳೇಬೇರು | ಹೊಸನಗರ ತಾಲ್ಲೂಕು
ಮಗಾ, ನಿಮ್ಮ ಕಡೆ ತಾಳಮದ್ದಲೆ ಕೂಟ ಇಲ್ಲವಾ? ಮಳೆಗಾಲದಲ್ಲಿ ಯಕ್ಷಗಾನ ಮೇಳ ತಿರುಗಾಟ ನಿಲ್ಲಿಸಿದಾಗ ಹಳ್ಳೀಲಿ ತಾಳಮದ್ದಲೆ ಇಟ್ಕೊಳ್ಳೋದು ಇದಕ್ಕೇ. ವೇಷ ಬೇಡ, ರಂಗ ಬೇಡ. ಭಾಗವತರೊಬ್ಬರು, ಮದ್ದಲೆ ಒಂದು, ಅರ್ಥ ಹೇಳೋಕೆ ನಾಲ್ಕು ಜನ. ವಾದ ಮಾಡಿ ಮಾಡಿ ಎದೆಯೊಳಗಿದ್ದಿದ್ದೆಲ್ಲ ಪಾತ್ರದ ಬಾಯಲ್ಲಿ ಹೊರಗೆ ಬರುತ್ತೆ. ಔಷಧಿ ಬೇಡ ಅಂತ ಇನ್ನು ಹೇಳಲ್ಲ ನಾನು, ಆ ತಾಯಿ ಬರೆದಿದ್ದು ಓದಿದೆ. ಇದನ್ನೂ ಮಾಡು.

ಬಚ್ಚಲೊಲೆ | ತೀರ್ಥಹಳ್ಳಿ
ಕೋಣಂದೂರು ಕಡೆಯ ಎಲ್ಲಿ ನೀವು? ನಮ್ಮ ಕೂಟ ಶನಿವಾರ ಸಂಜೆ ಸೇರುತ್ತೆ, ನನ್ನ ಜೀಪ್ ಆ ದಾರೀಲೇ ಬರುತ್ತೆ. ಅರ್ಥ ಹೇಳೋಕೆ ಬರಲ್ಲ ಅಂದರೂ ತೊಂದರೆ ಇಲ್ಲ, ಚಕ್ರತಾಳಕ್ಕೆ ಒಬ್ಬರು ಬೇಕಾಗಿದ್ದಾರೆ.

ತೋಟದಂಚು | ಕೋಣಂದೂರು ಕಡೆ
ಚಿಕ್ಕವನಿದ್ದಾಗ ಚಕ್ರತಾಳ ಹಾಕ್ತಿದ್ದೆ. ಬರ್ತೀನಿ. ಮನೆ ಎಲ್ಲಿ ಅಂತ ಸಂದೇಶದಲ್ಲಿ ಕಳಿಸ್ತೀನಿ. ಮಂಗಳವಾರ ತೀರ್ಥಹಳ್ಳಿ ಆಸ್ಪತ್ರೆಗೂ ಹೋಗೋಣ ಅಂದಿದ್ದಾಳೆ ಹೆಂಡತಿ, ನಂಗೆ ಈ ಮಂಕು ಹಿಡಿದು ಎರಡು ವಾರ ಯಾವಾಗಲೋ ದಾಟಿದೆ.

ಹಾಸ್ಟೆಲ್_ಕಿಟಕಿ | ಶಿವಮೊಗ್ಗ
ಗೇಟು ಮುಟ್ಟಿ ಬಂದೆ ಅಕ್ಕಾ. ಮಳೆ ಬಿಟ್ಟಿತ್ತು ಅಂತ ತುಂಗಾ ನಾಲೆ ಏರಿವರೆಗೂ ಹೋದೆ. ರೂಮಿನ ಒಬ್ಬಳು ತಾನೂ ಬರ್ತೀನಿ ಅಂತ ಬಂದಳು. ಚಿಕ್ಕಮ್ಮಂಗೆ ಇನ್ನೂ ಹೇಳಿಲ್ಲ. 14416ಕ್ಕೆ ಮಾಡಿದರೆ ಕಾಲೇಜಿಗೆ, ಮನೆಗೆ ತಿಳಿಸ್ತಾರಾ?

ಆಸ್ಪತ್ರೆಅಕ್ಕ | ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್
ನೀನು ಮಾತಾಡಿದ್ದು ಗುಟ್ಟಾಗೇ ಇರುತ್ತೆ, ಕಾಲೇಜಿಗೆಲ್ಲ ಹೇಳಲ್ಲ. ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಮಾತ್ರ ನಿನ್ನನ್ನ ಉಳಿಸೋಕೆ ಬೇರೆಯವರ ಸಹಾಯ ಕೇಳ್ತಾರೆ. ಸಾಲು ಬಿಜಿ ಇದ್ದರೆ ಬಿಡಬೇಡ, ಮತ್ತೆ ಮಾಡು. ಮಾತಾಡೋಕೆ ರೂಮಲ್ಲಿ ಆಗದಿದ್ದರೆ ನಾಲೆ ಏರಿ ಮೇಲೆ ನಡೀತಾನೇ ಮಾತಾಡು, ಕತ್ತಲಾಗೋಕೆ ಮುಂಚೆ, ಆ ಗೆಳತಿನ ಜೊತೆಗೆ ಕರ್ಕೊಂಡು.